ಭೂಕಂಪದ ಸಂಜೆ ಜೊತೆಗಿದ್ದವರು

ನನಗೆ ಬರುವ ಜಪಾನಿ ಭಾಷೆ ತರಕಾರಿ ಅಂಗಡಿಯಲ್ಲಿ ಕಲಿತದ್ದು. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರನ್ನು ಅವರ ಕಂಪನಿ ಕಾವಾಸಾಕಿಗೆ ಕಳಿಸಿತ್ತು. ಅಲ್ಲಿ ಎರಡು ವರ್ಷ ಇದ್ದೆವು. ಬೆಳಗ್ಗೆ ರೈಲು ಹತ್ತಿ ಹೋದವರು ಕತ್ತಲಾದ ಮೇಲೆಯೇ ಮನೆಗೆ ಬರುತ್ತಿದ್ದರು. ಅಕ್ಕಪಕ್ಕದವರಿಗೆ ಇಂಗ್ಲಿಷು ಬಾರದು, ನನಗೆ ಅವರ ಭಾಷೆ ಬಾರದು. ಬೀದಿಯ ತಿರುವಿನ ತರಕಾರಿ ಅಂಗಡಿಯ ಹೆಂಗಸು ಮಾತ್ರ ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದೆ, ಮೂಲಂಗಿ, ಬದನೆಕಾಯಿ, ಕುಂಬಳಕಾಯಿ ಒಂದೊಂದನ್ನೇ ಎತ್ತಿ ಹಿಡಿದು ನನ್ನ ಬಾಯಿಂದ ಹೆಸರು ಹೇಳಿಸಿದಳು. ಸ್ವಲ್ಪ ದಿನದಲ್ಲಿ ಗೊತ್ತಾಯಿತು, ಆ ಭಾಷೆಯಲ್ಲಿಯೂ ನಮ್ಮಲ್ಲಿಯ ಹಾಗೆ ಕ್ರಿಯಾಪದ ಕೊನೆಗೇ ಬರುತ್ತದೆ. ಕನ್ನಡದಲ್ಲಿ ಯೋಚನೆ ಮಾಡಿ, ಪದಗಳನ್ನಷ್ಟೇ ಬದಲಾಯಿಸಿಕೊಂಡು ಹೋದರೆ ಹೇಗೋ ಕೆಲಸ ನಡೆಯುತ್ತಿತ್ತು. ನಾವು ‘ಅಲ್ವಾ’ ಅನ್ನುವ ಕಡೆ ಅವರು ‘ನೇ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ನಾನು ಜಪಾನಿಯಲ್ಲಿ ಧೈರ್ಯವಾಗಿ ತಪ್ಪುತಪ್ಪಾಗಿ ಮಾತನಾಡುತ್ತಿದ್ದೆ.

ಆಮೇಲೆ ಅಮೆರಿಕಕ್ಕೆ ಬಂದೆವು. ಸ್ಯಾನ್ ಮಟಿಯೋದಲ್ಲಿ ಎರಡು ಮಹಡಿಯ ಒಂದು ಹಳೆಯ ಮರದ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ನಮ್ಮದು. ಮಗಳು ಅಲ್ಲಿಯೇ ಹುಟ್ಟಿದಳು. ಇಂಗ್ಲಿಷು ಮಹಾರಾಣಿ ಕಾಲೇಜಿನಲ್ಲಿ ಓದಿ ಪಾಸು ಮಾಡಿದ್ದೇ ಹೊರತು ಆಡಿ ಅಭ್ಯಾಸವಿರಲಿಲ್ಲ. ಗ್ರೋಸರಿ ಅಂಗಡಿಯಲ್ಲಿ ಯಾರಾದರೂ ಒಂದು ಮಾತು ಕೇಳಿದರೆ, ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದರೊಳಗೆ ಅವರು ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತಿದ್ದರು.

ನಮ್ಮ ಕಟ್ಟಡದವರೆಲ್ಲ ಬಟ್ಟೆ ಒಗೆಯುತ್ತಿದ್ದದ್ದು ಹಿತ್ತಿಲ ಕಡೆಯ ಒಂದೇ ಕೋಣೆಯಲ್ಲಿ. ಒಂದು ದಿನ ಬುಟ್ಟಿ ಎತ್ತಿಕೊಂಡು ಅಲ್ಲಿಗೆ ಹೋದರೆ ಕುಳ್ಳಗಿನ ಹೆಂಗಸೊಬ್ಬರು ವಾಷಿಂಗ್ ಮೆಷಿನ್ನಿನ ಮೇಲೆ ಅಂಗೈ ಬಡಿಯುತ್ತಾ ಅದನ್ನು ಬೈಯುತ್ತಿದ್ದರು. ಬೈಗುಳ ಜಪಾನಿಯಲ್ಲಿತ್ತು. ನಾನು ಯೋಚನೆಯನ್ನೇ ಮಾಡದೆ, “ಕೆಟ್ಟುಹೋಗಿದೆಯಾ?” ಅಂತ ಅದೇ ಭಾಷೆಯಲ್ಲಿ ಕೇಳಿದೆ. ಅವರು ಕೈ ಹಾಗೇ ನಿಲ್ಲಿಸಿ ತಿರುಗಿದರು. ನನ್ನ ಸೀರೆ ನೋಡಿದರು, ಕುಂಕುಮ ನೋಡಿದರು, ಮತ್ತೆ ಬಾಗಿಲ ಕಡೆ ನೋಡಿದರು. ಮಾತನಾಡಿದವರು ಬೇರೆ ಯಾರೋ ಇರಬೇಕು ಅಂದುಕೊಂಡಿದ್ದರು.

ಅವರು ನಮ್ಮ ಮೇಲಿನ ಮನೆಯಲ್ಲೇ ಇದ್ದವರು. ಆಗ ಐವತ್ತೈದು ದಾಟಿತ್ತು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕನ್ ಸೈನಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದಿದ್ದರು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಬ್ಬನೇ ಮಗ, ಸಂಸಾರದ ಜೊತೆ ಮಾರ್ಗನ್ ಹಿಲ್‌ನಲ್ಲಿದ್ದ. ಮಗನಿಗೆ ಜಪಾನಿ ಬರುತ್ತಿರಲಿಲ್ಲ. ಅವನು ಚಿಕ್ಕವನಿದ್ದಾಗ, ಮನೆಯಲ್ಲಿ ಎರಡು ಭಾಷೆ ಆಡಿದರೆ ಮಗುವಿನ ತಲೆ ಕೆಡುತ್ತದೆ ಅಂತ ಶಾಲೆಯವರು ಹೇಳಿದ್ದರಂತೆ. ಇವರು ನಂಬಿಬಿಟ್ಟರು. ಹೀಗಾಗಿ ಮಗನ ಜೊತೆ ಅವರು ಆಡುತ್ತಿದ್ದದ್ದು ಅಂಗಡಿ ಬೀದಿಯ ಇಂಗ್ಲಿಷು. ಊಟ ಆಯಿತಾ, ಕೋಟು ಹಾಕಿಕೊ, ಜೋಪಾನವಾಗಿ ಡ್ರೈವ್ ಮಾಡು, ಇಷ್ಟು. ತವರಿನವರು ಮದುವೆಯ ದಿನದಿಂದಲೇ ಸಂಬಂಧ ಕಡಿದುಕೊಂಡಿದ್ದರು. ಇಷ್ಟನ್ನು ಕೇಳಿದ ಮೇಲೆ, ನನ್ನ ತರಕಾರಿ ಅಂಗಡಿಯ ಜಪಾನಿ ಅವರಿಗೆ ಯಾಕೆ ಅಷ್ಟು ಹಿತವಾಗಿತ್ತು ಅಂತ ಅರ್ಥವಾಯಿತು.

ನನ್ನ ಮಗಳು ಅವರನ್ನು ಬಾಚಾನ್ ಅಂತ ಕರೆಯತೊಡಗಿದಳು. ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ವಾರಕ್ಕೆರಡು ಮೂರು ಸಲ ಮಧ್ಯಾಹ್ನ ಕೆಳಗೆ ಬಂದು ನಮ್ಮ ಅಡುಗೆಮನೆಯ ಮೇಜಿನ ಹತ್ತಿರ ಕೂರುತ್ತಿದ್ದರು. ನಾನು ಹುರುಳಿಕಾಯಿ ಸೋಸುತ್ತಿದ್ದರೆ ಕೇಳದೆಯೇ ಅರ್ಧ ತಮ್ಮ ಮುಂದೆ ಎಳೆದುಕೊಳ್ಳುತ್ತಿದ್ದರು. ನನ್ನ ವ್ಯಾಕರಣವನ್ನು ಒಂದು ಸಲವೂ ತಿದ್ದಲಿಲ್ಲ. ನಾನು ಮೀನು ತಿನ್ನುವುದಿಲ್ಲ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಕೊಂಚ ಕಾಲ ಹಿಡಿಯಿತು. ಆಮೇಲೆ ನಮ್ಮ ಮನೆಗೆಂದೇ ಬೇರೆ ಪಾತ್ರೆ ಇಟ್ಟುಕೊಂಡರು.

ಹೀಗೆ ಕೆಲವು ವರ್ಷ ಕಳೆದು ಎಂಬತ್ತೊಂಬತ್ತನೇ ಇಸವಿಯ ಅಕ್ಟೋಬರ್ ಬಂತು. ದಸರೆ ಮುಗಿದು ಒಂದು ವಾರವಾಗಿದ್ದರೂ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಕೆಲಸವನ್ನು ನಾಳೆ ನಾಳೆ ಅಂತ ಮುಂದೂಡುತ್ತಿದ್ದೆ. ಆ ಮಂಗಳವಾರ ಅಕ್ಟೋಬರಿಗೆ ಸಲ್ಲದ ಸೆಕೆ, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಊರಿನವರೆಲ್ಲ ಬೇಸ್‌ಬಾಲ್ ನೋಡಲು ಬೇಗ ಮನೆ ಸೇರಿದ್ದರು. ನಮ್ಮೂರ ಪಕ್ಕದ ಸಮುದ್ರದ ಕೊಲ್ಲಿಯ ಆ ದಡದ ತಂಡಕ್ಕೂ ಈ ದಡದ ತಂಡಕ್ಕೂ ಪಂದ್ಯ. ನನ್ನ ಯಜಮಾನರು ಮಧ್ಯಾಹ್ನ ಆ ದಡದ ಓಕ್ಲೆಂಡಿನಲ್ಲಿ ಮೀಟಿಂಗು ಅಂತ ಹೋಗಿದ್ದರು. ಮುಗಿದ ಕೂಡಲೇ ಸೇತುವೆ ದಾಟಿ ಬರುತ್ತೇನೆ ಅಂದಿದ್ದರು.

ಸಂಜೆ ಐದರ ಹೊತ್ತಿಗೆ ನಾನು ಸಾರಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸುತ್ತಿದ್ದೆ. ಆರು ವರ್ಷದ ಮಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಮೊದಲು ಭಾರಿ ಲಾರಿಯೊಂದು ಗೋಡೆಗೆ ತಾಗಿಕೊಂಡೇ ಹೋದಂಥ ಸದ್ದು. ಅದರ ಹಿಂದೆಯೇ ಮನೆ ಅತ್ತಿಂದಿತ್ತ ಓಲಾಡತೊಡಗಿತು. ಕಪಾಟಿನ ಬಾಗಿಲುಗಳು ತಾವೇ ತೆರೆದು ಪಿಂಗಾಣಿ ತಟ್ಟೆಗಳು ನೆಲಕ್ಕೆ ಬಿದ್ದವು. ನಾನು ಮಗಳನ್ನು ಎಳೆದುಕೊಂಡು ಮೇಜಿನ ಕೆಳಗೆ ಹೋದೆ. ಒಲೆ ಉರಿಯುತ್ತಿದೆ ಅನ್ನುವುದು ತಲೆಯಲ್ಲಿ ಇರಲೇ ಇಲ್ಲ.

ಅಲುಗಾಟ ಪೂರ್ತಿ ನಿಲ್ಲುವ ಮೊದಲೇ ಬಾಚಾನ್ ಒಳಗೆ ಬಂದಿದ್ದರು. ಬರಿಗಾಲು. ನಮ್ಮ ಬಾಗಿಲಿಗೆ ಬೀಗ ಹಾಕಿರಲಿಲ್ಲ. ಮೇಜಿನ ಕೆಳಗಿದ್ದ ನಮ್ಮ ಕಡೆ ತಿರುಗಿಯೂ ನೋಡದೆ ನೇರವಾಗಿ ಒಲೆಯ ಹತ್ತಿರ ಹೋಗಿ ನಂದಿಸಿದರು. ಕಾದ ಎಣ್ಣೆಯ ಬಾಂಡ್ಲೆಗೆ ಮುಚ್ಚಳ ಮುಚ್ಚಿದರು. ಒಲೆಯ ಹಿಂದಕ್ಕೆ ಕೈ ಹಾಕಿ ಗ್ಯಾಸಿನ ಕೊಳವೆಯ ತಿರುಪನ್ನು ತಿರುಗಿಸಿದರು. ಹೊರಬಾಗಿಲು ಮುಚ್ಚಿಕೊಳ್ಳದ ಹಾಗೆ ಅದಕ್ಕೊಂದು ಕುರ್ಚಿ ಒತ್ತರಿಸಿದರು. ನಲ್ಲಿ ನಿಂತುಹೋಗುವ ಮೊದಲು ಹಿಡಿದಿಡಲೆಂದು ಬಚ್ಚಲಿಗೆ ಹೋಗಿ ತೊಟ್ಟಿಗೆ ನೀರು ಬಿಟ್ಟರು. ಆಮೇಲೆಯೇ ಬಗ್ಗಿ ನಮ್ಮನ್ನು ನೋಡಿದ್ದು.

“ಚಪ್ಪಲಿ ಹಾಕ್ಕೊಂಡು ಈಚೆ ಬನ್ನಿ. ಗಾಜು ಬಿದ್ದಿದೆ,” ಅಂದರು. ನಾವು ಆಡುತ್ತಿದ್ದದ್ದು ಜಪಾನಿ, ನನ್ನ ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಕನ್ನಡವಾಗಿಯೇ ಉಳಿದಿದೆ.

ಅವರ ಅಂಗಾಲಿಗೇ ಗಾಜು ತಗುಲಿ ರಕ್ತ ಬರುತ್ತಿತ್ತು. ಹೊರಗೆ ಹುಲ್ಲಿನ ಮೇಲೆ ಕೂರಿಸಿ ನಾನು ಅದನ್ನು ತೊಳೆದು ಬಟ್ಟೆ ಕಟ್ಟಿದೆ. ಕಟ್ಟಡದ ಇತರರೂ ಬಂದು ಕಾರು ನಿಲ್ಲಿಸುವ ಕಡೆ ಸ್ವಲ್ಪ ಹೊತ್ತು ನಿಂತರು. ಕರೆಂಟು ಹೋಗಿತ್ತು, ಫೋನು ಸತ್ತಿತ್ತು. ಯಾರದೋ ಕಾರಿನ ರೇಡಿಯೋದಲ್ಲಿ ಸುದ್ದಿ ಬಂತು. ಓಕ್ಲೆಂಡಿಗೆ ಹೋಗುವ ಸೇತುವೆಯ ಒಂದು ತುಂಡು ಕಳಚಿ ಬಿದ್ದಿದೆ. ಆ ದಡದಲ್ಲಿ ಎರಡಂತಸ್ತಿನ ಫ್ರೀವೇ ಹೆದ್ದಾರಿಯ ಮೇಲಂತಸ್ತು ಕೆಳಗಿನದರ ಮೇಲೆ ಕುಸಿದಿದೆ. ನಾನು ಅಲ್ಲಿಯೇ ಕೂತುಬಿಟ್ಟೆ. ಮಗಳು ನನ್ನ ಮುಖ ನೋಡಿ, “ವೇರ್ ಈಸ್ ಅಪ್ಪ?” ಅಂತ ಕೇಳಿದಳು. ನಾನು ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ.

ಬಾಚಾನ್ ಆ ರೇಡಿಯೋದ ಹತ್ತಿರ ನಮ್ಮನ್ನು ನಿಲ್ಲಲು ಬಿಡಲಿಲ್ಲ. ಕುಂಟಿಕೊಂಡೇ ಮೇಲೆ ಹೋಗಿ ಒಂದು ಚಾಪೆ, ಒಂದು ಸಣ್ಣ ಕ್ಯಾಂಪಿಂಗ್ ಒಲೆ, ಅಕ್ಕಿ, ನೀರು ತಂದರು. ಕಟ್ಟಡದಿಂದ ದೂರಕ್ಕೆ, ಹುಲ್ಲಿನ ಆಚೆ ಬದಿಯಲ್ಲಿ ಚಾಪೆ ಹಾಸಿದರು. ಅಕ್ಕಿ ತೊಳೆದು ಅನ್ನಕ್ಕಿಟ್ಟರು. ಏನೂ ಆಗುವುದಿಲ್ಲ, ಅವರು ಬಂದೇ ಬರುತ್ತಾರೆ ಅಂತ ಒಂದು ಸಲವೂ ಹೇಳಲಿಲ್ಲ. ಅಂಥ ಮಾತು ಹೇಳಿದ್ದರೆ ನಾನು ಒಡೆದು ಹೋಗುತ್ತಿದ್ದೆನೋ ಏನೋ. ಅದರ ಬದಲು ಮಗಳಿಗೆ ಉಪ್ಪುನೀರಿನಲ್ಲಿ ಕೈ ಅದ್ದಿಸಿ, ಬಿಸಿ ಅನ್ನವನ್ನು ಉಂಡೆ ಕಟ್ಟುವುದನ್ನು ಹೇಳಿಕೊಟ್ಟರು. ಮಗಳ ಉಂಡೆ ಲಡ್ಡಿನಂತೆ ದುಂಡಗಾಗುತ್ತಿತ್ತು, ಅವರದು ಮೂರು ಮೂಲೆ. ನಡುವೆ ಉಪ್ಪು ಹಾಕಿದ ಹುಳಿ ಹಣ್ಣು. ಮೊದಲನೆಯದನ್ನು ನನ್ನ ಕೈಯಲ್ಲಿಟ್ಟು ಸುಮ್ಮನೆ ಕಾದರು. ನಾನು ತಿಂದೆ. ಹಸಿವಾಗಿತ್ತು ಅಂತ ಆಗ ಗೊತ್ತಾಯಿತು.

ಕತ್ತಲು ಕವಿಯಿತು. ಬೀದಿ ದೀಪವಿಲ್ಲ, ಕಿಟಕಿಗಳಲ್ಲಿ ಬೆಳಕಿಲ್ಲ. ಆ ಊರಿನಲ್ಲಿ ಅಷ್ಟು ವರ್ಷವಿದ್ದರೂ ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಸದಾ ಮೊರೆಯುತ್ತಿದ್ದ ಫ್ರೀವೇ ಬಾಯಿ ಮುಚ್ಚಿಕೊಂಡಿತ್ತು. ನಕ್ಷತ್ರಗಳು ಕಂಡವು. ನೆಲ ಮಧ್ಯೆ ಮಧ್ಯೆ ಮೈ ಕೊಡವುತ್ತಿತ್ತು. ಆಗೆಲ್ಲ ಬಾಚಾನ್ ಅಂಗೈಯನ್ನು ಹುಲ್ಲಿನ ಮೇಲೆ ಅಗಲಿಸಿ ಇಡುತ್ತಿದ್ದರು, ಮಲಗಿದ ಮಗು ಕನವರಿಸಿದಾಗ ಬೆನ್ನ ಮೇಲೆ ಕೈ ಇಡುವ ಹಾಗೆ. ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ನಿಮಗೆ ಹೆದರಿಕೆ ಆಗಲ್ಲವಾ ಅಂತ ಕೇಳಿದೆ. ಮಗಳ ತಲೆ ನೇವರಿಸುತ್ತಾ ಹೇಳತೊಡಗಿದರು. ಅವರ ಊರು ಜಪಾನಿನ ಪಶ್ಚಿಮದ ಕರಾವಳಿಯ ಕಡೆ, ನೇಯ್ಗೆಗೆ ಹೆಸರಾದದ್ದು. ಯುದ್ಧದಲ್ಲಿ ಬಾಂಬು ಬಿದ್ದು ಸುಟ್ಟುಹೋಗಿ, ಜನ ಮತ್ತೆ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ. ಅಪ್ಪ ಯುದ್ಧದಿಂದ ಮರಳಿರಲಿಲ್ಲ, ಮನೆಯಲ್ಲಿ ಅಮ್ಮ ಮತ್ತು ಒಬ್ಬ ತಮ್ಮ. ಇವರು ಹದಿನೆಂಟರ ಹುಡುಗಿ, ಮಗ್ಗದ ಕಾರ್ಖಾನೆಯಲ್ಲಿ ಕೆಲಸ. ಬೇಸಿಗೆಯ ಒಂದು ಸಂಜೆ ನೆಲ ನಡುಗಿತು. ಕಾರ್ಖಾನೆಯಿಂದ ಮನೆಗೆ ಓಡಿದರು. ಬೀದಿಯೇ ಇರಲಿಲ್ಲ. ತಮ್ಮ ಮಾತ್ರ ನದಿಯ ದಂಡೆಯ ಮೇಲೆ ಕೂತಿದ್ದ. ಅಮ್ಮ ಅವನನ್ನು ಕಿಟಕಿಯಿಂದ ಹೊರಗೆ ತಳ್ಳಿದ್ದಳು. ಅವಳೂ ಹಿಂದೆಯೇ ಬರಬಹುದಾಗಿತ್ತು. ಅನ್ನಕ್ಕಿಟ್ಟ ಒಲೆ ಉರಿಯುತ್ತಿತ್ತು, ಮನೆಗಳೆಲ್ಲ ಮರದವು, ಒಂದಕ್ಕೆ ಹೊತ್ತಿದರೆ ಸಾಲಿಗೇ ಹೊತ್ತುತ್ತಿತ್ತು. ಕೊಡದಲ್ಲಿದ್ದ ನೀರು ಸುರಿಯಲು ಒಳಗೆ ಹೋದಳು. ಮನೆಯ ಮಾಡು ಅವಳ ಮೇಲಿಳಿಯಿತು.

“ನಮ್ಮ ಬೀದೀಲಿ ಬೆಂಕಿ ಹತ್ತಲಿಲ್ಲ,” ಅಂದರು ಬಾಚಾನ್. “ಆಚೆ ಬೀದಿ, ಅದರಾಚೆಯದು, ಎಲ್ಲಾ ಸುಟ್ಟುಹೋಯ್ತು. ನಮ್ಮದು ಬಿದ್ದಿತ್ತು ಅಷ್ಟೇ. ಮೈ ಸುಡದೆ ಇದ್ದದ್ದಕ್ಕೆ ಅಮ್ಮನ್ನ ಗುರುತು ಹಿಡಿಯೋಕಾಯ್ತು. ಅಷ್ಟು ಸಿಕ್ತಲ್ಲ ಅಂತ ನಾನು ಇವತ್ತಿಗೂ ಕೈ ಮುಗೀತೀನಿ.”

ಇದನ್ನು ಬೇರೆ ಯಾರಿಗೆ ಹೇಳಿದ್ದೀರಿ ಅಂತ ಕೇಳಿದೆ. ಗಂಡನಿಗೆ ಒಂದಿಷ್ಟು ಗೊತ್ತಿತ್ತಂತೆ. ಮಗನಿಗೆ ಅಜ್ಜಿ ಕಾಯಿಲೆಯಿಂದ ಸತ್ತಳು ಅಂತ ಹೇಳಿದ್ದರು. ಕಾಯಿಲೆ ಅನ್ನುವ ಪದ ಅವರಿಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ.

ನಾನು ನನ್ನ ಭಯವನ್ನು ಮರೆತೆ ಅಂತ ಹೇಳಲಾರೆ. ಆದರೆ ಒಬ್ಬಳೇ ಹೊತ್ತಿದ್ದ ಭಾರಕ್ಕೆ ಇನ್ನೊಂದು ಕೈ ಕೊಟ್ಟಂತಾಗಿತ್ತು. ಹುಣ್ಣಿಮೆ ಕಳೆದು ಸ್ವಲ್ಪ ದಿನವಾಗಿದ್ದ ಚಂದ್ರ ಬೆಟ್ಟದ ಆಚೆಯಿಂದ ಕೆಂಪಗೆ ಎದ್ದ. ಅವನು ಮರದ ತುದಿಗೆ ಬರುವ ಹೊತ್ತಿಗೆ ನಮ್ಮ ಕಾರಿನ ದೀಪ ತಿರುವಿನಲ್ಲಿ ಕಾಣಿಸಿತು.

ಯಜಮಾನರು ಓಕ್ಲೆಂಡಿನಿಂದ ಹೊರಟು ಸೇತುವೆಯ ಹತ್ತಿರ ಬರುವಷ್ಟರಲ್ಲಿ ದಾರಿ ಮುಚ್ಚಿದ್ದರಂತೆ. ದಕ್ಷಿಣಕ್ಕೆ ಇಳಿದು, ಮಿಲ್ಪಿಟಾಸ್ ಬಳಸಿ, ಕೊಲ್ಲಿಯನ್ನು ಪೂರ್ತಿ ಸುತ್ತು ಹಾಕಿ ಬಂದಿದ್ದರು. ಸಿಗ್ನಲ್ಲಿಲ್ಲದ ಪ್ರತಿ ಕೂಡುರಸ್ತೆಯಲ್ಲಿಯೂ ಜನ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಿದ್ದರು ಅಂದರು. ಕಾರಿನಿಂದಿಳಿದು ನಮ್ಮಿಬ್ಬರನ್ನು ನೋಡಿ ಬಾನೆಟ್ಟಿನ ಮೇಲೆ ಕೈ ಊರಿ ನಿಂತರು. “ಎಲ್ಲಾ ಪೇಫೋನು ಟ್ರೈ ಮಾಡ್ದೆ ಕಣೆ. ಒಂದೂ ಕನೆಕ್ಟ್ ಆಗ್ಲಿಲ್ಲ,” ಅಂದರು. ನಾನು ಅತ್ತದ್ದು ಆಗಲೇ. ಬಾಚಾನ್ ನನ್ನ ಯಜಮಾನರಿಗೂ ಒಂದು ಅನ್ನದ ಉಂಡೆ ಕೊಟ್ಟು, ಮಗಳ ತಲೆಯನ್ನು ಮೆಲ್ಲಗೆ ನನ್ನ ತೊಡೆಗೆ ದಾಟಿಸಿ, ಮೇಲೆ ಹೊರಟರು. ನೀವೂ ಇಲ್ಲೇ ಮಲಗಿ ಅಂತ ಬಲವಂತ ಮಾಡಿ ಉಳಿಸಿಕೊಂಡೆವು.

ಮಾರನೆಯ ದಿನ ಬೆಳಗ್ಗೆ ಅವರ ಮಗ ಮಾರ್ಗನ್ ಹಿಲ್‌ನಿಂದ ನೀರಿನ ಕ್ಯಾನುಗಳನ್ನು ಹೇರಿಕೊಂಡು ಬಂದ. ಅವನ ಮನೆಯ ಹೊಗೆಗೂಡು ಉರುಳಿತ್ತಂತೆ, ಹೆಂಡತಿ ಮಕ್ಕಳು ಕ್ಷೇಮ. ಎತ್ತರದ, ಒಳ್ಳೆಯ ಸ್ವಭಾವದ ಮನುಷ್ಯ. ತಾಯಿಯ ಕಾಲಿನ ಕಟ್ಟು ನೋಡಿ ವಿಚಾರಿಸಿದ. ಅಲುಗಾಟ ನಿಲ್ಲುವ ಮೊದಲೇ ಮೆಟ್ಟಿಲಿಳಿದು ಬೇರೆಯವರ ಮನೆಗೆ ಓಡಿದ್ದು ತಿಳಿದು ಅವನಿಗೆ ರೇಗಿತು. ಮೇಜಿನ ಕೆಳಗೆ ಕೂರಬೇಕು ಅಂತ ಎಷ್ಟು ಸಲ ಹೇಳಿದ್ದೇನೆ, ಮೆಟ್ಟಿಲು ಕುಸಿದಿದ್ದರೆ ಏನು ಗತಿ, ಇನ್ನೊಬ್ಬರ ಒಲೆಗಾಗಿ ಯಾರಾದರೂ ಹೀಗೆ ಮಾಡುತ್ತಾರಾ ಅಂತ ಕೇಳಿದ.

ಬಾಚಾನ್ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು. ಎರಡು ಪದ ಬಂತು, ನಿಂತರು. ನನ್ನ ಕಡೆ ತಿರುಗಿದರು.

“ನಾನು ಹೇಳ್ತೀನಿ, ನೀನು ಇವನಿಗೆ ಅದನ್ನ ಇಂಗ್ಲಿಷಲ್ಲಿ ಹೇಳು. ನನ್ನ ಇಂಗ್ಲಿಷಿಗೆ ಇಷ್ಟು ಹೊರೋ ಶಕ್ತಿ ಇಲ್ಲ.”

ನಮ್ಮ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು. ಒಡೆದ ತಟ್ಟೆಗಳನ್ನು ಇನ್ನೂ ಗುಡಿಸಿ ಮೂಲೆಗೆ ಒತ್ತಿದ್ದೆವಷ್ಟೇ. ಅವರು ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ನಾನು ಅದನ್ನು ಒಳಗೊಳಗೇ ಕನ್ನಡ ಮಾಡಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ತಂದು ಅವನಿಗೆ ಒಪ್ಪಿಸುತ್ತಿದ್ದೆ. ಮಗ್ಗಕ್ಕೆ, ಮಾಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಗಳಿಗೆಗೆ ಹೊಳೆಯದೆ ಕೈಯಲ್ಲಿ ಮಾಡಿ ತೋರಿಸಿದೆ. ತಪ್ಪಾಯಿತೇ, ಸರಿಯಾಯಿತೇ ಅಂತ ಯೋಚಿಸಲು ಪುರುಸೊತ್ತಿರಲಿಲ್ಲ. ಕೊಡದ ನೀರು ಸುರಿಯಲು ಒಳಗೆ ಹೋದಳು ಅನ್ನುವ ಕಡೆ ಬಂದಾಗ ನನ್ನ ದನಿ ನಿಂತಿತು. ಬಾಚಾನ್ ನನ್ನ ಮಣಿಕಟ್ಟು ಹಿಡಿದುಕೊಂಡು ಕಾದರು. ಆಮೇಲೆ ಹೇಳಿದೆ.

ಅವನು ತಲೆಯೆತ್ತಿ ಒಂದೇ ಮಾತು ಕೇಳಿದ. ಅಜ್ಜಿಯ ಹೆಸರೇನು? ತಾಯಿ ಹೇಳಿದರು. ಅವನು ಹೇಳಿ ನೋಡಿದ, ಸರಿ ಬರಲಿಲ್ಲ. ತಾಯಿ ಮತ್ತೆ ಹೇಳಿಕೊಟ್ಟರು, ಮಗುವಿಗೆ ಹೇಳಿಕೊಡುವ ಹಾಗೆ, ಒಂದೊಂದು ಅಕ್ಷರ ಬಿಡಿಸಿ. ಸರಿಯಾಗಿ ಬರುವ ತನಕ ಅವನು ಬಿಡಲಿಲ್ಲ. ನಾನು ಕಾಫಿ ಮಾಡುವ ನೆಪದಲ್ಲಿ ಎದ್ದೆ. ಗ್ಯಾಸು ಬಂದ್ ಆಗಿದೆ ಅನ್ನುವುದು ನೆನಪಾಗಿ ಸುಮ್ಮನೆ ಅಲ್ಲಿಯೇ ನಿಂತಿದ್ದೆ.

ಆ ಬೆಳಗಿನಿಂದ ನನ್ನ ಮಟ್ಟಿಗೂ ಒಂದು ಬದಲಾವಣೆಯಾಯಿತು. ಅಷ್ಟು ದೊಡ್ಡ ಮಾತನ್ನು ದಾಟಿಸಿದ ನಾಲಿಗೆಗೆ ಗ್ರೋಸರಿ ಅಂಗಡಿಯ ಮಾತು ಯಾವ ಲೆಕ್ಕ ಅನ್ನಿಸಿತು. ಕೆಲವು ತಿಂಗಳಲ್ಲಿ ಹತ್ತಿರದ ಡೇಕೇರಿನಲ್ಲಿ ಕೆಲಸಕ್ಕೆ ಸೇರಿಕೊಂಡೆ. ಮನೆಯಲ್ಲಿ ಕನ್ನಡವನ್ನೇ ಆಡಿದರೆ ಮಗುವಿಗೆ ತೊಂದರೆಯಾಗುತ್ತದೆಯೇ ಅಂತ ಅಲ್ಲಿಗೆ ಬರುತ್ತಿದ್ದ ನಮ್ಮ ಕಡೆಯ ತಾಯಂದಿರು ಕೇಳಿದಾಗ, ಇಲ್ಲ ಅಂತ ಖಂಡಿತವಾಗಿ ಹೇಳುತ್ತಿದ್ದೆ. ನನ್ನ ಮಗಳು ಇವತ್ತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಆದರೆ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಅಷ್ಟಾದರೂ ಆಯಿತಲ್ಲ ಅಂದುಕೊಳ್ಳುತ್ತೇನೆ.

ಬಾಚಾನ್ ಆ ಚಳಿಗಾಲದಲ್ಲಿ ಮಗನ ಮನೆಗೆ ಹೋದರು. ಮೇಲಿನ ಮನೆ ಖಾಲಿಯಾದ ದಿನ ನನಗೆ ಏನೂ ತೋಚಲಿಲ್ಲ. ಆದರೆ ಮಾರ್ಗನ್ ಹಿಲ್ ಅಷ್ಟೇನೂ ದೂರವಲ್ಲ, ಭಾನುವಾರ ಹೋಗಿಬರುತ್ತಿದ್ದೆವು. ಅಲ್ಲಿ ಅವರಿಗೆ ಹಿತ್ತಿಲಿತ್ತು, ಮೂಲಂಗಿ ಬೆಳೆದಿದ್ದರು. ಮರುವರ್ಷ ವಸಂತದಲ್ಲಿ ಮಗ ಅವರನ್ನು ಜಪಾನಿಗೆ ಕರೆದುಕೊಂಡು ಹೋದ. ಯಾರು ಯಾರನ್ನೋ ವಿಚಾರಿಸಿ ಆ ತಮ್ಮನನ್ನು ಹುಡುಕಿಸಿದ್ದ.

ಅವರು ಮರಳಿ ಬಂದ ಮೇಲೆ ನೋಡಲು ಹೋದೆ. ಹಿತ್ತಿಲ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು. ಊರು ಗುರುತೇ ಸಿಗಲಿಲ್ಲವಂತೆ. ನದಿ ಮಾತ್ರ ಅದೇ. ಸ್ಟೇಷನ್ನಿನಲ್ಲಿ ಟೋಪಿ ಹಾಕಿದ ಮುದುಕನೊಬ್ಬ ನಿಂತಿದ್ದ, ತಮ್ಮ ಅಂತ ಗೊತ್ತಾಗಲು ಹತ್ತಿರ ಹೋಗಬೇಕಾಯಿತು. ಅವನು ಅಕ್ಕನ ಹತ್ತಿರ ಅಳುತ್ತಾ ಏನೇನೋ ಹೇಳುತ್ತಿದ್ದಾಗ ಮಗ ಪಕ್ಕದಲ್ಲಿ ಕೈಕಟ್ಟಿ ನಿಂತು, ಏನಂತೆ, ಏನಂತೆ ಅಂತ ಕೇಳುತ್ತಿದ್ದ.

“ನೀನಿರಲಿಲ್ಲವಲ್ಲ,” ಅಂದರು ಬಾಚಾನ್. “ನಾನೇ ಹೇಳ್ದೆ. ನನಗೆ ಬರೋ ಇಂಗ್ಲಿಷಲ್ಲಿ.”

ಮಗನಿಗೆ ಅರ್ಥವಾಯಿತಾ ಅಂತ ಕೇಳಿದೆ.

“ಆಯ್ತು,” ಅಂದರು. “ಎಲ್ಲಾ ಆಯ್ತು.”